ನೆಲದ ಮೇಲೆ ಹನಿಯಿಲ್ಲ, ಟ್ಯಾಂಕ್‌ನಲ್ಲಿ ಕೂಲೆಂಟ್ ಇಲ್ಲ

ಈ ಸಂಚಿಕೆಯಲ್ಲಿ ಲ್ಯಾಬ್ ಬಿಟ್ಟು ನಮ್ಮ ಮನೆ ಮುಂದಕ್ಕೆ ಬರೋಣ. ಬರ್ಕ್ಲಿಯಲ್ಲಿ ನಮ್ಮ ಹಳೇ ಎಸ್‌ಯುವಿ ಒಂದು ನಿಂತಿದೆ. ಮೂರು ವಾರಕ್ಕೊಮ್ಮೆ ಅದರ ಕೂಲೆಂಟ್ ಸುಮಾರು ಅರ್ಧ ಲೀಟರ್ ಕಮ್ಮಿ ಆಗ್ತಿತ್ತು. ಗಾಡಿ ಕೆಳಗೆ ಬಗ್ಗಿ ನೋಡಿದ್ರೆ ನೆಲ ಒಣಗಿದೆ. ಹಾಗಾದ್ರೆ ಅದು ಹೋಗ್ತಿದ್ದದ್ದು ಎಲ್ಲಿಗೆ?

ಮೊದಮೊದಲು ನಾವೂ ಎಲ್ಲರ ಹಾಗೆ ಕಮ್ಮಿ ಆದಷ್ಟು ಸುರಿದು ಸುಮ್ಮನಾದ್ವಿ. ಆದರೆ ಊರಿಂದ ಅಪ್ಪ, ಅಮ್ಮ ಬಂದಿದ್ರು. ಅವರನ್ನು ಲೇಕ್ ಟಾಹೋಗೆ ಕರ್ಕೊಂಡು ಹೋಗ್ಬೇಕಿತ್ತು. ದಾರಿಯಲ್ಲಿ ಡಾನರ್ ಸಮ್ಮಿಟ್ ಹತ್ತಿರ ಹೆದ್ದಾರಿ ಸುಮಾರು 2,200 ಮೀಟರ್ ಎತ್ತರಕ್ಕೆ ಏರುತ್ತೆ. ಅಂಥ ಕಡೆ ಇಂಜಿನ್ ಕಾದು ನಿಂತರೆ? ಹಿಂದಿನ ಸೀಟಿನಲ್ಲಿ ಪುಟ್ಟ ಮಗು, ಪಕ್ಕದಲ್ಲಿ ಎಪ್ಪತ್ತು ದಾಟಿದ ಅಪ್ಪ. ಆಗುಂಬೆ ಘಾಟಿಯಲ್ಲಿ ಬಾನೆಟ್ ಎತ್ತಿ ನಿಂತ ಗಾಡಿಗಳನ್ನು ನೋಡಿ ಬೆಳೆದವರಿಗೆ ಈ ಭಯವನ್ನು ವಿವರಿಸಬೇಕಿಲ್ಲ.

ಮೊದಲು ಒಂದು ಸಣ್ಣ ಪಾಠ. ಕೂಲೆಂಟ್ ಅಂದ್ರೆ ಸಾಮಾನ್ಯವಾಗಿ ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್. ತೆರೆದ ಪಾತ್ರೆಯಲ್ಲಿ ಇದು ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತೆ. ಆದರೆ ರೇಡಿಯೇಟರ್ ಮುಚ್ಚಳ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಅದು ಒಳಗೆ ಸುಮಾರು ಒಂದು ಬಾರ್ ಹೆಚ್ಚಿನ ಒತ್ತಡ ಹಿಡಿದಿಡುತ್ತೆ. ಆಗ ಕುದಿಬಿಂದು 130 ಡಿಗ್ರಿ ಹತ್ತಿರ ಹೋಗುತ್ತೆ. ಅದಕ್ಕೇ ಹೇಳೋದು, ಬಿಸಿ ಇಂಜಿನ್‌ನ ಮುಚ್ಚಳ ತೆಗೀಬೇಡಿ. ಕೂಗುತ್ತಿರೋ ಕುಕ್ಕರನ್ನು ಯಾರಾದರೂ ತೆಗೀತಾರಾ?

ಕಾಣದೆ ಹೋಗೋ ಕೂಲೆಂಟ್‌ಗೆ ಮುಖ್ಯವಾಗಿ ಮೂರು ದಾರಿ. ಒಂದು, ಹೀಟರ್ ಮೂಲಕ ಗಾಡಿಯ ಒಳಗೆ. ಎರಡು, ಇಂಜಿನ್ ಒಳಗೆ. ಮೂರು, ಹೊರಗೇ ಸೋರಿ ನೆಲ ಮುಟ್ಟೋ ಮೊದಲೇ ಆರಿಹೋಗೋದು. ಲ್ಯಾಬಿನಲ್ಲಿ ಮಾಡೋ ಹಾಗೆ ಒಂದೊಂದೇ ಊಹೆಯನ್ನು ಪರೀಕ್ಷೆಗೆ ಒಡ್ಡಿದ್ವಿ.

ಹೀಟರ್ ಸೋರಿದ್ರೆ ಕಾಲಡಿಯ ಕಾರ್ಪೆಟ್ ಒದ್ದೆಯಾಗ್ಬೇಕು, ಗಾಜಿನ ಮೇಲೆ ಜಿಡ್ಡು ಮಂಜು ಕೂರ್ಬೇಕು. ಎರಡೂ ಇರಲಿಲ್ಲ.

ನಮಗೆ ಭಯ ಇದ್ದದ್ದು ಎರಡನೆಯದರ ಬಗ್ಗೆ. ಹೆಡ್ ಗ್ಯಾಸ್ಕೆಟ್ ಹೋಗಿದ್ರೆ ರಿಪೇರಿಗೆ ಸಾವಿರಾರು ಡಾಲರ್. ಹಳೇ ಗಾಡಿಯನ್ನು ಮಾರೋದೇ ಮೇಲು ಅನ್ನಿಸ್ಬಹುದು. ಇದನ್ನು ಪತ್ತೆ ಮಾಡೋ ಕಿಟ್ ತರಿಸಿ ಬಾಟ್ಲಿಯಲ್ಲಿದ್ದ ನೀಲಿ ದ್ರಾವಣ ನೋಡಿದಾಗ ನಗು ಬಂತು. ಅದು ಬ್ರೋಮೋಥೈಮಾಲ್ ಬ್ಲೂ! ಶಾಲೆಯಲ್ಲಿ ಸ್ಟ್ರಾ ಹಾಕಿ ಊದಿದಾಗ ನೀಲಿಯಿಂದ ಹಳದಿಗೆ ತಿರುಗೋ ಬಣ್ಣ. ಉಸಿರಿನ ಕಾರ್ಬನ್ ಡೈಆಕ್ಸೈಡ್ ನೀರಲ್ಲಿ ಕರಗಿ ಆಮ್ಲ ಆಗೋದೇ ಇದಕ್ಕೆ ಕಾರಣ. ಪೆಟ್ರೋಲ್ ಉರಿದ ಹೊಗೆಯಲ್ಲೂ ಅದೇ ಅನಿಲ ಇದೆ. ಗ್ಯಾಸ್ಕೆಟ್ ಒಡೆದಿದ್ರೆ ಆ ಹೊಗೆ ಕೂಲೆಂಟ್‌ಗೆ ನುಗ್ಗುತ್ತೆ. ಅಂದ್ರೆ ಸಸ್ಯದ ಉಸಿರಾಟ ಅಳೆಯೋ ಬಣ್ಣವೇ ಇಂಜಿನ್ ಕೂಲೆಂಟ್‌ಗೆ ಉಸಿರು ಬಿಡ್ತಿದೆಯಾ ಅಂತ ಹೇಳುತ್ತೆ.

ಇಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು, ಮಟ್ಟ ಸ್ವಲ್ಪ ಇಳಿಸಿ, ಕಿಟ್ ಕೂರಿಸಿದ ಮೇಲೆ ಸ್ಟಾರ್ಟ್ ಮಾಡಿ, ಅಲ್ಲಿನ ಗಾಳಿಯನ್ನು ದ್ರಾವಣದ ಮೂಲಕ ಎಳೆದ್ವಿ. ನೀಲಿ ನೀಲಿಯಾಗೇ ಉಳೀತು. ಸಣ್ಣ ಬಿರುಕು ಒಂದು ಸಲಕ್ಕೆ ಸಿಗದೇ ಇರ್ಬಹುದು ಅಂತ ಮಾರನೇ ದಿನ ಇನ್ನೊಮ್ಮೆ ಮಾಡಿದ್ವಿ. ಆಗಲೂ ನೀಲಿ. ಕೆಲಸ ಮಾಡ್ತಿದೆಯಾ ಅಂತ ಅದೇ ದ್ರಾವಣಕ್ಕೆ ಬಾಯಿಂದ ಊದಿದ ಗಾಳಿ ಬಿಟ್ವಿ, ಹಳದಿ ಆಯ್ತು. ಕಂಟ್ರೋಲ್ ಇಲ್ಲದ ಪ್ರಯೋಗವನ್ನು ನಂಬೋದು ಹೇಗೆ, ಹೇಳಿ?

ಉಳಿದದ್ದು ಮೂರನೇ ದಾರಿ. ಕೈಪಂಪಿನಿಂದ, ಮುಚ್ಚಳದ ಮೇಲೆ ಬರೆದಿರೋಷ್ಟೇ ಒತ್ತಡ ಕೊಟ್ಟು ಕಾದ್ವಿ. ಇಪ್ಪತ್ತು ನಿಮಿಷದಲ್ಲಿ ಮುಳ್ಳು ನಿಧಾನಕ್ಕೆ ಇಳೀತು. ಸೋರಿಕೆ ಇದೆ, ಆದರೆ ಎಲ್ಲಿ?

ಕೂಲೆಂಟ್‌ಗೆ ಒಂದು ಹೊಳೆಯೋ ಬಣ್ಣ ಬೆರೆಸಿ ಮೂರು ದಿನ ಓಡಿಸಿದ್ವಿ. ಇದೂ ನಮಗೆ ಹಳೇ ಪರಿಚಯವೇ. ಮೈಕ್ರೋಸ್ಕೋಪ್ ಕೆಳಗೆ ಜೀವಕೋಶಗಳನ್ನು ನೋಡುವಾಗ ಬಳಸೋದು ಇಂಥದೇ ಪ್ರತಿದೀಪ್ತಿ ಬಣ್ಣ. ಕತ್ತಲಾದ ಮೇಲೆ ಯುವಿ ಟಾರ್ಚ್ ಬಿಟ್ಟಾಗ, ವಾಟರ್ ಪಂಪಿನ ಅಡಿಯಲ್ಲಿ ಸಣ್ಣ ತೂತಿನಿಂದ ಹಸಿರು ಗೆರೆಯೊಂದು ಇಳಿದಿತ್ತು. ಅದು ಇಂಜಿನ್‌ನ ಮೈಯ ಮೇಲೇ ಮುಗಿದಿತ್ತು. ಬಿಸಿ ಲೋಹದ ಮೇಲೆ ಹನಿ ಹನಿಯಾಗಿ ಬಿದ್ದು ಅಲ್ಲೇ ಆರಿಹೋಗ್ತಿತ್ತು!

ಆ ತೂತು ಹಾಳಾಗಿ ಆದದ್ದಲ್ಲ, ಬೇಕಂತಲೇ ಇಟ್ಟದ್ದು. ಪಂಪಿನ ಸೀಲ್ ಸವೆದಾಗ ಕೂಲೆಂಟ್ ಬೇರಿಂಗ್‌ಗೆ ನುಗ್ಗದೆ ಅಲ್ಲಿಂದ ಹೊರಬರಲಿ ಅಂತ. ಪಂಪು ಬದಲಿಸಿ, ಹೊಸ ಕೂಲೆಂಟ್ ತುಂಬಿಸಿ, ಒಳಗೆ ಸಿಕ್ಕಿದ್ದ ಗಾಳಿ ಹೊರಗೆ ಬಿಡಿಸಿ, ಮತ್ತೆ ಪರೀಕ್ಷಿಸಿದ್ವಿ. ಮುಳ್ಳು ಅಲ್ಲಾಡಲಿಲ್ಲ.

ಹಳೇ ಕೂಲೆಂಟ್ ಏನು ಮಾಡೋದು? ಇಲ್ಲಿಯ ರಸ್ತೆ ಚರಂಡಿಯ ನೀರು ಶುದ್ಧೀಕರಣ ಇಲ್ಲದೆ ಕೊಲ್ಲಿ ಸೇರುತ್ತೆ, ಅಲ್ಲಿಗಂತೂ ಸುರಿಯಬಾರದು. ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಮ್ಮ ಲಿವರ್ ಅದನ್ನು ಆಕ್ಸಲಿಕ್ ಆಮ್ಲದವರೆಗೂ ಒಡೆಯುತ್ತೆ. ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಕಿಡ್ನಿಯನ್ನು ಹಾಳು ಮಾಡುತ್ವೆ. ಮಕ್ಕಳು, ನಾಯಿ, ಬೆಕ್ಕು ನೆಕ್ಕದಿರಲಿ ಅಂತ ಕ್ಯಾಲಿಫೋರ್ನಿಯಾದಲ್ಲಿ 2002ರಲ್ಲೇ ಇದಕ್ಕೆ ಕಹಿ ಬೆರೆಸೋ ಕಾನೂನು ಬಂತು. ನಮ್ಮ ಹಳೇ ಕೂಲೆಂಟನ್ನು ಡಬ್ಬಿಗೆ ತುಂಬಿ ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕೊಟ್ಟು ಬಂದ್ವಿ.

ಕೊನೆಗೊಂದು ಮಾತು ಒಪ್ಕೋಬೇಕು. ಅಮ್ಮ ಬಂದ ವಾರವೇ ಮರಿನ್ ಅವೆನ್ಯೂನ ಕಡಿದಾದ ಏರು ಹತ್ತಿ ಗಾಡಿ ನಿಲ್ಲಿಸಿದಾಗ, ಮುಂದೆ ನಿಂತು, "ಪಾಕ ಕಾಯಿಸಿದ ಹಾಗೆ ಏನೋ ಸಿಹಿ ವಾಸನೆ ಬರ್ತಿದೆಯಲ್ಲೋ" ಅಂದಿದ್ರು. ಯಾರದೋ ಮನೆ ಅಡುಗೆ ಇರ್ಬೇಕಮ್ಮ ಅಂದುಬಿಟ್ಟಿದ್ವಿ. ಬಿಸಿ ಲೋಹದ ಮೇಲೆ ಆರುವ ಗ್ಲೈಕಾಲ್ ವಾಸನೆ ಅದು. ಮೊದಲ ದತ್ತಾಂಶ ನಮ್ಮ ಕೈಯಲ್ಲೇ ಇತ್ತು, ಬರ್ಕೊಳ್ಳಲಿಲ್ಲ ಅಷ್ಟೇ.

ಟಾಹೋಗೆ ಹೋಗಿ ಬಂದ್ವಿ. ಟ್ಯಾಂಕಿನ ಮೇಲೆ ಮಾರ್ಕರ್‌ನಿಂದ ಹಾಕಿದ ಗೆರೆ, ತಿಂಗಳಾದ್ರೂ ಮಟ್ಟ ಅಲ್ಲೇ ಇದೆ. ನಿಮ್ಮ ಗಾಡಿಯಲ್ಲೂ ಹೀಗಾಗ್ತಿದ್ರೆ, ಸುರಿಯೋ ಮೊದಲು ಒಂದು ಗೆರೆ ಹಾಕಿ, ತಾರೀಕು ಬರೆದಿಡಿ.