ಒರೆಗಲ್ಲು ಮತ್ತು ರೋಹಿತ: ರಾಯಚೂರು ಸೀಮೆಯ ಚಿನ್ನದ ಪರೀಕ್ಷೆ

ರಾಯಚೂರು ಸೀಮೆಗೂ ಚಿನ್ನಕ್ಕೂ ಇರುವ ನಂಟು ಬಹು ಪ್ರಾಚೀನವಾದುದು. ಹಟ್ಟಿಯ ಹಳೆಯ ಗಣಿಗಳಲ್ಲಿ ದೊರೆತ ಮರದ ತುಂಡುಗಳು ಸುಮಾರು 2000 ವರ್ಷಗಳಷ್ಟು ಹಿಂದಿನವೆಂದು ಇಂಗಾಲದ ಕಾಲಮಾಪನದಿಂದ ತಿಳಿದುಬಂದಿದೆ. ದೇವದುರ್ಗ ತಾಲೂಕಿನ ಊಟಿ, ಮಾನ್ವಿ ಭಾಗದ ಹೀರಾಬುದ್ದಿನ್ನಿಗಳಲ್ಲಿಯೂ ಚಿನ್ನದ ಅದಿರಿದೆ. 1915ರಲ್ಲಿ ಮಸ್ಕಿಯಲ್ಲಿ ಚಿನ್ನದ ನೆಲೆಯನ್ನು ಅರಸುತ್ತಿದ್ದ ಎಂಜಿನಿಯರ್ ಬೀಡನ್ ಅವರಿಗೆ ದೊರೆತದ್ದು ಶಾಸನ. ದೇವಾನಾಂಪ್ರಿಯನು ಅಶೋಕನೇ ಎಂದು ಗುರುತಿಸಲು ಆಧಾರವಾದದ್ದು ಆ ಬಂಡೆಯೇ. ಜಾನಪದ ಅಧ್ಯಯನಕ್ಕಾದರೋ ಇಲ್ಲಿ ಮುಖ್ಯವಾದುದು ಚಿನ್ನವನ್ನೇ ಗುರುತಿಸುವ ವಿದ್ಯೆ.

ಪತ್ತಾರರು ಕರಿಯ ಒರೆಗಲ್ಲಿನ ಮೇಲೆ ಒಡವೆಯನ್ನು ಉಜ್ಜಿ, ಪಕ್ಕದಲ್ಲಿ ಮಟ್ಟ ತಿಳಿದ ಚಿನ್ನದ ಗೆರೆಯೊಂದನ್ನು ಎಳೆದು, ಎರಡರ ಮೇಲೂ ಆಮ್ಲ ಸವರುತ್ತಾರೆ. ಬೆರಕೆಯ ತಾಮ್ರ, ಬೆಳ್ಳಿ ಕರಗುತ್ತವೆ. ಉಳಿದ ಗೆರೆಗಳ ಹೋಲಿಕೆಯಿಂದ ಮಟ್ಟ ತಿಳಿಯುತ್ತದೆ. ‘ಒರೆಗೆ ಹಚ್ಚು’, ‘ಪುಟಕ್ಕಿಟ್ಟ ಚಿನ್ನ’ ಎಂಬ ನುಡಿಗಟ್ಟುಗಳು ಮನುಷ್ಯರ ಗುಣಕ್ಕೂ ಸಂದಿರುವುದು ಈ ಕಸುಬಿನಿಂದಲೇ. ಗೆರೆ ಇಬ್ಬರಿಗೂ ಕಾಣುತ್ತದೆ, ಓದಬಲ್ಲವನು ಒಬ್ಬನೇ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆ ಒಂದು ಸಮುದಾಯದ ನಡತೆಗಿಂತ ಗಿರಾಕಿಯ ಈ ಅಸಹಾಯಕತೆಯನ್ನೇ ಹೆಚ್ಚು ಹೇಳುತ್ತದೆ ಎನ್ನಬೇಕು. ಒಡವೆ ಒತ್ತೆಯಿಟ್ಟು ಬಿತ್ತನೆಗೆ ಹಣ ತರುವ ಕುಟುಂಬದ ಸಾಲದ ಮೊತ್ತ ನಿಂತಿರುವುದೂ ಈ ಓದಿನ ಮೇಲೆಯೇ.

ಇಂದು ಈ ಕೆಲಸಕ್ಕೆ ರೋಹಿತಮಾಪಕ ಬಂದಿದೆ. ಕ್ಷ-ಕಿರಣ ತಾಕಿದಾಗ ಪ್ರತಿಯೊಂದು ಧಾತುವೂ ತನ್ನದೇ ಶಕ್ತಿಯ ಕಿರಣಗಳನ್ನು ಹೊಮ್ಮಿಸುತ್ತದೆ; ಅವುಗಳನ್ನು ಅಳೆದು ಯಂತ್ರವು ಚಿನ್ನ, ಬೆಳ್ಳಿ, ತಾಮ್ರಗಳ ಪ್ರಮಾಣವನ್ನು ಕ್ಷಣಾರ್ಧದಲ್ಲಿ ತಿಳಿಸುತ್ತದೆ. ಒರೆಗಲ್ಲಿಗೆ ಅಂಟುವಷ್ಟು ಚಿನ್ನವೂ ಇಲ್ಲಿ ನಷ್ಟವಾಗದು. ಆದರೆ ಅದು ಚಿನ್ನದಲ್ಲಿ ನೋಡಬಲ್ಲದ್ದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಆಳವನ್ನು ಮಾತ್ರ. ದಪ್ಪ ಲೇಪದ ಅಡಿಯ ತಾಮ್ರ ಅದಕ್ಕೆ ಕಾಣದು. ಅನುಮಾನ ಬಂದರೆ ಅರದಿಂದ ಉಜ್ಜಿ ಒಳಗನ್ನು ನೋಡುವ ಪತ್ತಾರನ ಕ್ರಮವೇ ಅಲ್ಲಿ ಮೇಲು. 2021ರ ಜೂನ್‌ನಲ್ಲಿ 256 ಜಿಲ್ಲೆಗಳಿಂದ ಆರಂಭಿಸಿ ಹಾಲ್‌ಮಾರ್ಕ್ ಕಡ್ಡಾಯವಾದ ಮೇಲೂ ನಿಖರ ತೀರ್ಪು ಸೀಸದೊಡನೆ ಕಾಸಿ ಶೋಧಿಸುವ ಪುಟದ ಪರೀಕ್ಷೆಯದೇ. ಯಂತ್ರವೂ ಮಟ್ಟ ತಿಳಿದ ಮಾದರಿಯೊಂದಿಗೆ ಹೋಲಿಸಿಯೇ ಮಾತನಾಡುತ್ತದೆ; ಅಂಕಿ ಹೇಗೆ ಬಂತೆಂಬುದು ಗಿರಾಕಿಗೆ ಗೆರೆಗಿಂತಲೂ ಅಗೋಚರ.

ಸೂಕ್ಷ್ಮತರಂಗಕ್ಕೂ ಅವಕೆಂಪು ಕಿರಣಕ್ಕೂ ನಡುವಿನ ಟೆರಾಹರ್ಟ್ಸ್ ತರಂಗಗಳ ಕ್ಷೇತ್ರ ಬೇರೆ. ಇವು ಲೋಹಕ್ಕೆ ತಾಗಿ ಹಿಂತಿರುಗುತ್ತವೆ, ನೀರು ಇವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಚಿನ್ನದ ಪರೀಕ್ಷೆಗೆ ಒದಗವು. ಒಣಗಿದ ಬಟ್ಟೆ, ಕಾಗದ, ಬಣ್ಣದ ಪದರಗಳನ್ನು ಮಾತ್ರ ಹಾದುಹೋಗುತ್ತವೆ. ಸ್ಫೋಟಕ, ಮಾದಕವಸ್ತುಗಳ ಪತ್ತೆಗೆ ಇವನ್ನು ಒಗ್ಗಿಸುವ ಸಂಶೋಧನೆ ನಡೆದಿದೆ. ಚಿತ್ರಗಳ ಒಳಪದರಗಳ ಅಧ್ಯಯನಕ್ಕೂ ಬಳಸಲಾಗಿದೆ. 1997ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ ಕಿನ್ನಾಳದ ಮರದ ಗೊಂಬೆಗಳನ್ನು ಹೀಗೆ ಪರೀಕ್ಷಿಸುವುದಾದರೆ, ಹುಣಸೆಬೀಜದ ಅಂಟು, ಮರದ ಹೊಟ್ಟು, ಸೆಣಬುಗಳನ್ನು ಕಲಸಿದ ‘ಕಿಟ್ಟ’ದ ಮಾದರಿ ರೋಹಿತವನ್ನು ಮೊದಲು ದಾಖಲಿಸಬೇಕಾಗುತ್ತದೆ. ಆ ಮಾದರಿಯನ್ನು ಕಲಸಿಕೊಡಬಲ್ಲವರು ಚಿತ್ರಗಾರರ ಮನೆಯವರೇ.