ಎಸೆನ್‌ನಲ್ಲಿ ಉಳಿದ ದನಿ

ಫಾದರಿಂಗೇ ಬ್ಯಾಂಡ್ ಬದುಕಿದ್ದು ಸುಮಾರು ಒಂದು ವರ್ಷ. 1970ರ ಆರಂಭದಲ್ಲಿ ಲಂಡನ್ನಿನಲ್ಲಿ ಕೂಡಿದ ಐವರು 1971ರ ಜನವರಿಯಲ್ಲಿ ಚದುರಿಹೋದರು. ಅಷ್ಟರಲ್ಲಿ ಹೊರಬಂದದ್ದು ಒಂದೇ ಆಲ್ಬಂ. ಇಂಗ್ಲಿಷ್ ಫೋಕ್ ರಾಕ್‌ನ ಕಥೆ ಹೇಳುವವರು ಈ ಬ್ಯಾಂಡಿನ ಮಾತು ಬಂದಾಗಲೆಲ್ಲ ಒಂದು ಸೋಲನ್ನು ತಪ್ಪದೆ ನೆನೆಯುತ್ತಾರೆ.

ಅದು 1970ರ ಅಕ್ಟೋಬರ್ 2, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಇವರಿಗಿಂತ ಮೊದಲು ಹಾಡಲು ಬಂದಿದ್ದ ಇಪ್ಪತ್ಮೂರರ ಎಲ್ಟನ್ ಜಾನ್ ಪಿಯಾನೊ ಮುಂದೆ ಅಬ್ಬರಿಸಿ ಸಭೆಯನ್ನೇ ಗೆದ್ದುಬಿಟ್ಟ. ಅದರ ಬೆನ್ನಿಗೇ ಬಂದ ಫಾದರಿಂಗೇಯ ನಿಧಾನದ, ಕನಸಿನಂಥ ಹಾಡುಗಳು ಮಂಕಾಗಿ ಕೇಳಿಸಿದವು. ಆದರೆ ಬ್ಯಾಂಡಿನ ಗಾಯಕಿ ಸ್ಯಾಂಡಿ ಡೆನ್ನಿಯನ್ನು ‘ಮೆಲೊಡಿ ಮೇಕರ್’ ಪತ್ರಿಕೆಯ ಓದುಗರು ಬ್ರಿಟನ್ನಿನ ಅತ್ಯುತ್ತಮ ಗಾಯಕಿಯೆಂದು ಆರಿಸಿದ್ದು ಅದೇ ವರ್ಷ.

ಆ ರಾತ್ರಿ ಕಳೆದು ಮೂರು ವಾರಕ್ಕೆ ಇದೇ ಐವರು ಜರ್ಮನಿಯ ಎಸೆನ್ ನಗರದ ಗ್ರೂಗಾಹಾಲೆಯಲ್ಲಿ ಹಾಡಿದರು. ಅದರ ಧ್ವನಿಮುದ್ರಣ ನಾಲ್ಕು ದಶಕ ಕಳೆದು, 2011ರಲ್ಲಿ ‘ಎಸೆನ್ 1970’ ಎಂಬ ಹೆಸರಿನಲ್ಲಿ ಹೊರಬಂತು. ಸೋತು ಕುಗ್ಗಿದವರ ಸಂಗೀತವಲ್ಲ ಅದು.

‘ನಥಿಂಗ್ ಮೋರ್’ ಕೇಳಿ. ಸ್ಯಾಂಡಿ ಪಿಯಾನೊ ನುಡಿಸುತ್ತಲೇ ಹಾಡುತ್ತಾಳೆ. ಹಾಡು ತಗ್ಗಿನಲ್ಲೇ ಶುರುವಾಗಿ, ಏರುವಾಗಲೂ ಅವಸರಪಡುವುದಿಲ್ಲ. ಅವಳು ಬಿಟ್ಟುಕೊಟ್ಟ ಜಾಗದಲ್ಲಿ ಜೆರ್ರಿ ಡೊನಹ್ಯೂನ ಗಿಟಾರ್ ಬರುತ್ತದೆ. ಅವನು ತಂತಿಯನ್ನು ಎಳೆದು ಸ್ವರವನ್ನು ಬಾಗಿಸುವಾಗ, ನಮ್ಮ ವೀಣೆಯವರು ಮೀಂಡ್ ಎಳೆದಂತೆ, ಒಂದು ಸ್ವರ ಇನ್ನೊಂದಕ್ಕೆ ಜಾರಿ ಸೇರುತ್ತದೆ. ಜೆರ್ರಿ ಕಾನ್ವೇಯ ಡ್ರಮ್ಸ್, ಪ್ಯಾಟ್ ಡೊನಾಲ್ಡ್‌ಸನ್‌ನ ಬಾಸ್ ಎರಡೂ ಹಾಡಿನ ಮೇಲೆ ಬೀಳದೆ ಅದರ ಜೊತೆ ನಡೆಯುತ್ತವೆ. ಇದೆಲ್ಲ ಸ್ಯಾಂಡಿಯ ಹಿಂದೆ ನಿಂತ ಪಕ್ಕವಾದ್ಯವಲ್ಲ. ಐವರೂ ಒಬ್ಬರಿಗೊಬ್ಬರು ಕಿವಿಗೊಟ್ಟು ನುಡಿಸುವ ತಂಡ.

ಸ್ಯಾಂಡಿಗೆ ಬೇಕಿದ್ದದ್ದೂ ಅದೇ. ಫೇರ್‌ಪೋರ್ಟ್ ಕನ್ವೆನ್ಶನ್ ಎಂಬ ಫೋಕ್ ರಾಕ್ ಬ್ಯಾಂಡ್ ಬಿಟ್ಟು ಬಂದವಳು ಒಂಟಿ ತಾರೆಯಾಗಲು ಒಪ್ಪಲಿಲ್ಲ. ಮುಂದೆ ತನ್ನ ಗಂಡನಾದ ಆಸ್ಟ್ರೇಲಿಯಾದ ಟ್ರೆವರ್ ಲ್ಯೂಕಸ್ ಜೊತೆ ತಂಡ ಕಟ್ಟಿದಳು. ಅವಳು ಒಂಟಿಯಾಗಿಯೇ ಹಾಡಲಿ ಎಂಬುದು ನಿರ್ಮಾಪಕ ಜೋ ಬಾಯ್ಡ್‌ನ ಬಯಕೆಯಾಗಿತ್ತು. ಖರ್ಚೂ ಕೈಮೀರಿತ್ತು, ಇವರು ಹೊತ್ತು ತಿರುಗುತ್ತಿದ್ದ ದೈತ್ಯ ಧ್ವನಿವರ್ಧಕ ವ್ಯವಸ್ಥೆಗೆ ‘ಸ್ಟೋನ್‌ಹೆಂಜ್’ ಎಂಬ ಅಡ್ಡಹೆಸರೇ ಬಿದ್ದಿತ್ತು. ಎರಡನೆಯ ಆಲ್ಬಂ ಅರ್ಧದಲ್ಲೇ ನಿಂತಿತು. ಸ್ಯಾಂಡಿ 1978ರಲ್ಲಿ, 31ರ ಪ್ರಾಯದಲ್ಲಿ ತೀರಿಕೊಂಡಳು, ಲ್ಯೂಕಸ್ 1989ರಲ್ಲಿ. ಹಳೆಯ ಟೇಪುಗಳನ್ನು ಹುಡುಕಿ, ಬಿಟ್ಟುಹೋದದ್ದನ್ನು ತುಂಬಿ, ಆ ಆಲ್ಬಂ ಅನ್ನು 2008ರಲ್ಲಿ ಮುಗಿಸಿದವನು ಡೊನಹ್ಯೂ. ಗೆಳೆಯರ ದನಿಗೆ ಅಷ್ಟು ವರ್ಷದ ಮೇಲೆ ಗಿಟಾರ್ ಸೇರಿಸುವುದು ಸುಲಭದ ಕೆಲಸವಲ್ಲ. ಅವನು ಅದನ್ನು ಪ್ರೀತಿಯಿಂದ ಮಾಡಿದ.

ಆದರೂ ಸ್ಟುಡಿಯೊದ ಆಲ್ಬಂಗಳಲ್ಲಿ ಒಂದು ಎಚ್ಚರಿಕೆ, ಒಂದು ಬಿಗಿತ ಇದೆ. ಎಸೆನ್‌ನಲ್ಲಿ ಅದು ಸಡಿಲಾಗಿದೆ. ತಿದ್ದುವ ಅವಕಾಶವಿಲ್ಲದ ಕಡೆ ಸ್ಯಾಂಡಿಯ ದನಿ ಒರಟಾಗುತ್ತದೆ, ಹಾಡಿಗೆ ಜೀವ ಬರುವುದೂ ಅಲ್ಲೇ. ಈ ಬ್ಯಾಂಡನ್ನು ಆಲ್ಬರ್ಟ್ ಹಾಲ್‌ನ ಒಂದು ರಾತ್ರಿಯಿಂದ ಅಳೆದದ್ದು ಅನ್ಯಾಯ. ಹೊಸದಾಗಿ ಕೇಳುವವರು ‘ಎಸೆನ್ 1970’ರಿಂದ ಶುರುಮಾಡಿ, ಆಮೇಲೆ ಮೊದಲ ಆಲ್ಬಂಗೆ ಹೋಗಿ.