ಹೊಗೆಕೊಳವೆಯ ಸಾಕ್ಷಿ

ಪೆಟ್ರೋಲು ಕಾರಿನ ಫಲಕದ ಮೇಲೆ ಎಚ್ಚರಿಕೆಯ ದೀಪ ಹೊತ್ತಿಕೊಂಡಿತೆನ್ನಿ. "ಆಕ್ಸಿಜನ್ ಸೆನ್ಸರ್ ಕೆಟ್ಟಿದೆ" ಎಂದು ಮೆಕ್ಯಾನಿಕ್ ತೀರ್ಪು ಕೊಡುತ್ತಾನೆ. ಹೊಸದನ್ನು ಹಾಕಿಸಿದ ಮೇಲೆಯೂ ಕೆಲವೊಮ್ಮೆ ದೀಪ ಮತ್ತೆ ಉರಿಯುತ್ತದೆ. ಇದೇಕೆ ಹೀಗೆ? ಉತ್ತರವನ್ನು ತಿಳಿಯಲು ಆ ಪುಟ್ಟ ಸಾಧನವು ಅಳೆಯುವುದೇನೆಂಬುದನ್ನು ಮೊದಲು ನೋಡೋಣ.

ಸಾಮಾನ್ಯ ಬಗೆಯ ಸೆನ್ಸರಿನೊಳಗೆ, ಒಂದು ತುದಿ ಮುಚ್ಚಿದ ಜಿರ್ಕೋನಿಯದ ಕಿರುಕೊಳವೆಯಿರುತ್ತದೆ. ಅದರ ಒಳಮೈಗೂ ಹೊರಮೈಗೂ ಪ್ಲಾಟಿನಮ್ಮಿನ ತೆಳುವಾದ ಲೇಪವುಂಟು. ಹೊರಮೈಯನ್ನು ಎಂಜಿನ್ನಿನ ಹೊಗೆಯೂ ಒಳಮೈಯನ್ನು ಶುದ್ಧವಾದ ಗಾಳಿಯೂ ಸೋಕುತ್ತವೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಾಗ ಆಮ್ಲಜನಕದ ಅಯಾನುಗಳು ಜಿರ್ಕೋನಿಯದ ಮೂಲಕ ಚಲಿಸಬಲ್ಲವು. ಎರಡು ಮೈಗಳ ಬಳಿ ಆಮ್ಲಜನಕದ ಪ್ರಮಾಣ ಬೇರೆಯಾಗಿದ್ದರೆ ಅವುಗಳ ನಡುವೆ ವೋಲ್ಟೇಜು ಹುಟ್ಟುತ್ತದೆ. ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ 1889ರಲ್ಲಿ ನಿರೂಪಿಸಿದ ಸಮೀಕರಣವೇ ಇದಕ್ಕೆ ಆಧಾರ.

ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಪೆಟ್ರೋಲು ಹೆಚ್ಚಾದರೆ ಹೊಗೆಯಲ್ಲಿ ಆಮ್ಲಜನಕ ಉಳಿಯದು, ವೋಲ್ಟೇಜು 0.9ರ ಸಮೀಪಕ್ಕೇರುತ್ತದೆ. ಗಾಳಿ ಹೆಚ್ಚಾದರೆ 0.1ರ ಸಮೀಪಕ್ಕಿಳಿಯುತ್ತದೆ. ಇದನ್ನು ಗಮನಿಸಿ ಕಾರಿನ ಗಣಕವು ಪೆಟ್ರೋಲನ್ನು ಕ್ಷಣಕ್ಷಣವೂ ಹೆಚ್ಚಿಸುತ್ತ, ತಗ್ಗಿಸುತ್ತ ಇರುತ್ತದೆ. ಆದುದರಿಂದ ಎಂಜಿನ್ ಕಾದಿರುವಾಗ ಆರೋಗ್ಯವಾದ ಸೆನ್ಸರಿನ ವೋಲ್ಟೇಜು ಈ ಎರಡು ಎಲ್ಲೆಗಳ ನಡುವೆ ಉಯ್ಯಾಲೆಯಂತೆ ತೂಗುತ್ತಿರಬೇಕು.

ವೋಲ್ಟ್‌ಮೀಟರಿನ ಅಂಕಿ 0.1ರಲ್ಲಿಯೇ ನಿಂತುಬಿಟ್ಟರೆ? ಸೆನ್ಸರನ್ನು ಒಡನೆಯೇ ದೂರಬಾರದು. ನುರಿತ ಮೆಕ್ಯಾನಿಕ್, ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಗೆ ಎಚ್ಚರಿಕೆಯಿಂದ ತುಸು ಪ್ರೋಪೇನ್ ಅನಿಲವನ್ನು ಬೆರೆಸಿ ನೋಡುತ್ತಾನೆ. ಅಂಕಿಯು ತಟಕ್ಕನೆ 0.9ಕ್ಕೆ ನೆಗೆದರೆ ಸೆನ್ಸರ್ ಜೀವಂತವಾಗಿದೆ, ದೋಷವು ಬೇರೆಡೆಯಲ್ಲಿದೆ. ಅಂಕಿ ಕದಲದಿದ್ದರೆ ಅಥವಾ ಆಲಸ್ಯದಿಂದ ಏರಿದರೆ, ತಂತಿಗಳನ್ನೂ ಸೆನ್ಸರನ್ನು ಕಾಯಿಸುವ ಸುರುಳಿಯನ್ನೂ ಪರೀಕ್ಷಿಸಿದ ಬಳಿಕ ಸೆನ್ಸರನ್ನು ಬದಲಾಯಿಸುವುದು ನ್ಯಾಯ.

ಬೇರೆಡೆಯ ದೋಷವೆಂದರೇನು? ಸೆನ್ಸರಿಗಿಂತ ಮುಂಚೆ ಹೊಗೆಕೊಳವೆ ಬಿರುಕುಬಿಟ್ಟಿದ್ದರೆ ಹೊರಗಿನ ಗಾಳಿ ಒಳನುಗ್ಗುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ಹಾರದಿದ್ದರೆ ಪೆಟ್ರೋಲೂ ಗಾಳಿಯೂ ಉರಿಯದೆ ಹೊರಬರುತ್ತವೆ. ಸೆನ್ಸರಿಗೆ ಕಾಣುವುದು ಆಮ್ಲಜನಕವೊಂದೇ, ಪೆಟ್ರೋಲಲ್ಲ. "ಗಾಳಿ ಹೆಚ್ಚಾಗಿದೆ" ಎಂಬ ಅದರ ಸುದ್ದಿಯನ್ನು ನಂಬಿ ಗಣಕವು ಇನ್ನಷ್ಟು ಪೆಟ್ರೋಲು ಸುರಿಯುತ್ತದೆ! ಉರಿಯದ ಪೆಟ್ರೋಲು ಮುಂದೆ ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು, ಬೆಲೆಬಾಳುವ ಆ ಭಾಗವನ್ನೇ ಕರಗಿಸಬಹುದು. ಹೊಸ ಸೆನ್ಸರ್ ಹಾಕಿದರೂ ಅದು ಹೇಳುವುದು ಇದೇ ಸುದ್ದಿಯನ್ನೇ.

ಪ್ರಯೋಗಶಾಲೆಯಲ್ಲಿ ಕುಳಿತ ವಿದ್ಯಾರ್ಥಿಗೂ ಇದು ನೆನಪಿರಬೇಕಾದ ಮಾತು. ಮಾಪಕವು ಅನಿರೀಕ್ಷಿತವಾದ ಅಂಕಿಯನ್ನು ತೋರಿಸಿದೊಡನೆ ಅದು ಕೆಟ್ಟಿತೆನ್ನಲಾಗದು. ಅದು ನಿಜವಾಗಿ ಅಳೆಯುತ್ತಿರುವುದೇನು ಎಂದು ಮೊದಲು ಕೇಳಬೇಕು.